ಪುಣೆ, ಮುಂಬೈ, ಗೋವಾ: ಸಿನಿಮಾ ಓದಲು ಹೊರಟವರು ಸಾಧನೆಯ ಪುಟವನ್ನು ಓದಬೇಕಾದ ಬಗೆ

ಪದವಿ ಮುಗಿಸಿದ ಮೇಲೆ ಸಿನಿಮಾವನ್ನೋ ಕಲೆಯನ್ನೋ ಓದುತ್ತೇನೆಂದು ಹಟ ಹಿಡಿಯುವ ಮಕ್ಕಳು ನಮ್ಮ ಮನೆಗಳಲ್ಲಿ ಈಗ ಅಪರೂಪವಲ್ಲ. ಡೊಂಬಿವಲಿ, ಮಾಟುಂಗ, ಗೋರೆಗಾಂವ್‌ಗಳಲ್ಲಿ ಬೆಳೆದ ಮುಂಬೈ ಕನ್ನಡಿಗರ ಮಕ್ಕಳಿದ್ದಾರೆ, ವಾಸ್ಕೊ, ಮಡಗಾಂವ್‌ಗಳಲ್ಲಿ ಬೆಳೆದವರಿದ್ದಾರೆ, ಬೆಳಗಾವಿ ಧಾರವಾಡಗಳಲ್ಲಿ ರಾತ್ರಿ ಬಸ್ಸು ಹತ್ತಿ ಬೆಳಗಾಗುವಷ್ಟರಲ್ಲಿ ಪುಣೆಯಲ್ಲಿ ಇಳಿಯುವವರಿದ್ದಾರೆ. ಎಲ್ಲರ ಕೈಯಲ್ಲೂ ಮೂರು ನಾಲ್ಕು ಸಂಸ್ಥೆಗಳ ಕೈಪಿಡಿ. ಕೋರ್ಸು, ಶುಲ್ಕ, ಅವಧಿ ಬೇರೆ ಬೇರೆ ಇದ್ದರೂ 'ನಮ್ಮ ಸಾಧನೆಗಳು', 'ನಮ್ಮ ಕಾರ್ಯಕ್ರಮಗಳು' ಎಂಬ ಎರಡು ಪುಟಗಳು ಎಲ್ಲದರಲ್ಲೂ ಒಂದೇ ರೀತಿ ಇರುತ್ತವೆ: ಪ್ರಶಸ್ತಿ, ಉತ್ಸವ, ಗಣ್ಯರ ಭೇಟಿ, ಹೆಸರು ಮಾಡಿದ ಹಳೆಯ ವಿದ್ಯಾರ್ಥಿಗಳ ಭಾವಚಿತ್ರ. ಓದುತ್ತ ಹೋದಂತೆ ಎಲ್ಲವೂ ಒಂದೇ ತೂಕದವು ಅನ್ನಿಸುತ್ತದೆ. ಕೊನೆಗೆ ಶುಲ್ಕವನ್ನೋ ಊರಿನ ದೂರವನ್ನೋ ನೋಡಿ ತೀರ್ಮಾನ ಮಾಡಿಬಿಡುತ್ತಾರೆ.

ಆಯ್ಕೆಗೆ ಬೇಕಾದ ಬಹುಪಾಲು ಸುಳಿವು ಆ ಎರಡು ಪುಟಗಳಲ್ಲೇ ಇರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಒಂದೊಂದು ಸಾಧನೆಯನ್ನೂ ನಿಲ್ಲಿಸಿ ವಿಚಾರಿಸಬೇಕು. ಇದನ್ನು ಮಾಡಿದವರು ಯಾವ ಕೋರ್ಸಿನ ವಿದ್ಯಾರ್ಥಿಗಳು? ಯಾವ ಪಾಠದ ಭಾಗವಾಗಿ ಮಾಡಿದರು? ಖರ್ಚು ಯಾರದು? ಆರಿಸಿದವರು ಯಾರು, ಎಷ್ಟರಲ್ಲಿ ಆರಿಸಿದರು? ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಆ ಶಾಲೆಯಲ್ಲಿ ನಿಮ್ಮ ಮಗಳಿಗೋ ಮಗನಿಗೋ ಏನು ಸಿಕ್ಕೀತು ಎಂಬುದು ಬಹಳಮಟ್ಟಿಗೆ ಗೊತ್ತಾಗುತ್ತದೆ. ನಾನಿರುವುದು ಪುಣೆಯಲ್ಲಿ, ವಿದ್ಯಾರ್ಥಿಗಳ ಚಿತ್ರಗಳನ್ನು ಹುಡುಕಿಕೊಂಡು ಹೋಗಿ ನೋಡುವುದು ನನ್ನ ಹಳೆಯ ಅಭ್ಯಾಸ. ಹಾಗಾಗಿ ನನ್ನ ಒಲವು ಪುಣೆಯ ಕಡೆಗೆ ಸ್ವಲ್ಪ ಹೆಚ್ಚೇ ಇದ್ದೀತು. ಓದುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಉತ್ಸವದ ಹೆಸರಿಗೆ ಮರುಳಾಗುವ ಮೊದಲು

'ನಮ್ಮ ವಿದ್ಯಾರ್ಥಿಯ ಚಿತ್ರ ಕಾನ್ ಉತ್ಸವದಲ್ಲಿ' ಎಂಬ ಸಾಲು ಕಂಡರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಆದರೆ ಫ್ರಾನ್ಸಿನ ಆ ಊರಿನಲ್ಲಿ ಮೇ ತಿಂಗಳಲ್ಲಿ ಹಲವು ಬಾಗಿಲುಗಳು ಒಟ್ಟಿಗೇ ತೆರೆದಿರುತ್ತವೆ. ಚಿತ್ರಶಾಲೆಗಳ ವಿದ್ಯಾರ್ಥಿಗಳಿಗೆಂದೇ ಇರುವ ಸ್ಪರ್ಧೆಯ ಹೆಸರು ಲಾ ಸಿನೆಫ್. 1998ರಲ್ಲಿ ಸಿನೆಫೊಂಡಾಸಿಯೋಂ ಎಂಬ ಹೆಸರಿನಲ್ಲಿ ಶುರುವಾದದ್ದು ಇದೇ. 2024ರಲ್ಲಿ ಜಗತ್ತಿನ 555 ಶಾಲೆಗಳಿಂದ 2,263 ಚಿತ್ರಗಳು ಬಂದಿದ್ದವು, ಆಯ್ಕೆಯಾದದ್ದು 18. ಇದು ನಿಜವಾದ ಸಾಧನೆ, ಎರಡು ಮಾತಿಲ್ಲ. ಅದೇ ಊರಿನಲ್ಲಿ, ಅದೇ ದಿನಗಳಲ್ಲಿ, ಶಾರ್ಟ್ ಫಿಲ್ಮ್ ಕಾರ್ನರ್ ಎಂಬ ಇನ್ನೊಂದು ವ್ಯವಸ್ಥೆಯೂ ನಡೆಯುತ್ತದೆ. ಅದು ಮಾರುಕಟ್ಟೆಯ ಭಾಗ. ಶುಲ್ಕ ಕಟ್ಟಿ ಕಿರುಚಿತ್ರವನ್ನು ನೋಂದಾಯಿಸಿದರೆ ಕೊಳ್ಳುವವರು, ಉತ್ಸವದ ಆಯೋಜಕರು ಬೇಕಿದ್ದರೆ ನೋಡಬಹುದಾದ ಪಟ್ಟಿಯಲ್ಲಿ ಅದೂ ಸೇರುತ್ತದೆ. ಹಾಗೆ ನೋಂದಾಯಿಸುವುದು ತಪ್ಪಲ್ಲ, ಹೊಸಬರು ನಾಲ್ಕು ಜನರನ್ನು ಪರಿಚಯ ಮಾಡಿಕೊಳ್ಳಲು ಅದು ಒಳ್ಳೆಯ ಜಾಗ. ಆದರೆ ಅದನ್ನೇ 'ಕಾನ್‌ಗೆ ಆಯ್ಕೆ' ಎಂದು ಕೈಪಿಡಿಯಲ್ಲಿ ಅಚ್ಚು ಹಾಕಿಸಿದರೆ ಅದು ಮೋಸ.

ಗೋವಾದ ಚಿತ್ರೋತ್ಸವಕ್ಕೂ ಇದೇ ಮಾತು. ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ 2004ರಿಂದ ಪಣಜಿಯಲ್ಲಿ ನೆಲೆ ನಿಂತಿದೆ. ಅಲ್ಲಿನ ಭಾರತೀಯ ಚಿತ್ರಗಳ ವಿಭಾಗವಾದ ಇಂಡಿಯನ್ ಪನೋರಮಾಕ್ಕೆ ತೀರ್ಪುಗಾರರ ಸಮಿತಿ ಕುಳಿತು ಚಿತ್ರಗಳನ್ನು ಆರಿಸುತ್ತದೆ. ಪಕ್ಕದಲ್ಲೇ, 2007ರಿಂದ ನಡೆದುಬಂದ ಚಿತ್ರಗಳ ಮಾರುಕಟ್ಟೆ ಫಿಲ್ಮ್ ಬಜಾರ್ ಇದೆ, 2025ರಲ್ಲಿ ಅದಕ್ಕೆ ವೇವ್ಸ್ ಫಿಲ್ಮ್ ಬಜಾರ್ ಎಂದು ಹೊಸ ಹೆಸರು ಬಂತು. ಅದರ ವ್ಯೂಯಿಂಗ್ ರೂಮಿನಲ್ಲಿ ಶುಲ್ಕ ಕಟ್ಟಿ ಚಿತ್ರವನ್ನು ಇಡಬಹುದು. ಎರಡೂ ಗೋವಾವೇ, ನವೆಂಬರೇ. ತೂಕ ಮಾತ್ರ ಬೇರೆ.

ಇವೆರಡಕ್ಕಿಂತ ಕೆಳಗೆ ಇನ್ನೊಂದು ಲೋಕವಿದೆ. ಉತ್ಸವಗಳಿಗೆ ಚಿತ್ರ ಕಳಿಸಲು ಬಳಸುವ ಫಿಲ್ಮ್‌ಫ್ರೀವೇಯಂಥ ಜಾಲತಾಣಗಳಲ್ಲಿ ತಿಂಗಳಿಗೊಮ್ಮೆ 'ಉತ್ಸವ' ನಡೆಸುವವರಿದ್ದಾರೆ. ತೆರೆಯಿಲ್ಲ, ಪ್ರೇಕ್ಷಕರಿಲ್ಲ, ಪ್ರವೇಶ ಶುಲ್ಕ ಇದೆ, ಹತ್ತಾರು ವಿಭಾಗಗಳಲ್ಲಿ ಪ್ರಶಸ್ತಿ ಇದೆ. ಎಲೆಗಳ ಹಾರದ ನಡುವೆ ಹೆಸರು ಬರೆದ ಆ ಚಿಹ್ನೆಗಳನ್ನು ಪೋಸ್ಟರಿನ ತುಂಬ ಅಂಟಿಸಿಕೊಂಡ ಚಿತ್ರ ಕಂಡರೆ, ಒಂದೊಂದು ಉತ್ಸವದ ಹೆಸರನ್ನೂ ಹುಡುಕಿ ನೋಡಿ. ಯಾವ ಚಿತ್ರಮಂದಿರದಲ್ಲಿ ನಡೆಯಿತು, ತೀರ್ಪುಗಾರರು ಯಾರು, ಹಿಂದಿನ ವರ್ಷ ಯಾವ ಚಿತ್ರಗಳು ಬಂದಿದ್ದವು ಎಂಬುದು ಸಿಗದಿದ್ದರೆ ಆ ಪ್ರಶಸ್ತಿಯನ್ನು ಲೆಕ್ಕದಿಂದ ಬಿಡಿ. ಅಂಥ ಇಪ್ಪತ್ತಕ್ಕಿಂತ ಓಬರ್‌ಹೌಸೆನ್ ಅಥವಾ ಕ್ಲೆರ್ಮೊಂ-ಫೆರಾಂ ಕಿರುಚಿತ್ರೋತ್ಸವಗಳ ಒಂದು ಆಯ್ಕೆ ದೊಡ್ಡದು. ನಮ್ಮ ರಾಷ್ಟ್ರಪ್ರಶಸ್ತಿಯ ಕಥೇತರ ವಿಭಾಗದ ಒಂದು ಉಲ್ಲೇಖವೂ ದೊಡ್ಡದು.

ಸಿಲೆಕ್ಟ್ (CILECT) ಸದಸ್ಯತ್ವದ ಬಗ್ಗೆಯೂ ಪೋಷಕರು ಕೇಳುತ್ತಾರೆ. ಅದು ಚಿತ್ರಶಾಲೆಗಳ ಅಂತರರಾಷ್ಟ್ರೀಯ ಒಕ್ಕೂಟ, 1954ರಲ್ಲಿ ಕಾನ್‌ನಲ್ಲೇ ಹುಟ್ಟಿದ್ದು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್, ಮುಂಬೈಯ ವಿಸ್ಲಿಂಗ್ ವುಡ್ಸ್ ಎರಡೂ ಅದರ ಸದಸ್ಯರು. ಸದಸ್ಯತ್ವ ಇದ್ದರೆ ಹೊರದೇಶದ ಶಾಲೆಗಳ ಜೊತೆ ವಿನಿಮಯಕ್ಕೆ, ವಿದ್ಯಾರ್ಥಿ ಚಿತ್ರಗಳ ಸ್ಪರ್ಧೆಗೆ ದಾರಿ ಇದೆ ಎಂದರ್ಥ. ಆ ದಾರಿಯಲ್ಲಿ ಕಳೆದ ಎರಡು ಮೂರು ವರ್ಷ ಯಾರು ಹೋಗಿ ಬಂದರು, ವಿಮಾನದ ಖರ್ಚು ಯಾರು ಕೊಟ್ಟರು ಎಂದು ಕೇಳಿದರೆ ಉಳಿದದ್ದು ತಿಳಿಯುತ್ತದೆ.

ಒಂದು ಕನ್ನಡ ಚಿತ್ರವನ್ನು ಹತ್ತಿರದಿಂದ ನೋಡೋಣ

2024ರ ಲಾ ಸಿನೆಫ್ ಮೊದಲ ಬಹುಮಾನ ಬಂದದ್ದು ಕನ್ನಡದ ಕಿರುಚಿತ್ರಕ್ಕೆ: 'ಸನ್‌ಫ್ಲವರ್ಸ್ ವೇರ್ ದ ಫಸ್ಟ್ ಒನ್ಸ್ ಟು ನೋ'. ನಿರ್ದೇಶಕರು ಚಿದಾನಂದ ಎಸ್. ನಾಯ್ಕ್, ವೈದ್ಯಕೀಯ ಓದಿ ಸಿನಿಮಾ ಕಲಿಯಲು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಬಂದವರು. ಊರಿನ ಕೋಳಿಯನ್ನು ಒಬ್ಬ ಅಜ್ಜಿ ಕದ್ದೊಯ್ದದ್ದರಿಂದ ಊರಿಗೆ ಬೆಳಗೇ ಆಗದೆ ಹೋಗುವ ನಮ್ಮ ಜನಪದ ಕಥೆ ಅದರ ಮೂಲ. ಬಹುಮಾನ 15,000 ಯೂರೋ. ಸುದ್ದಿ ಬಂದಾಗ ಕನ್ನಡದ ಮನೆಗಳಲ್ಲೆಲ್ಲ ಸಂಭ್ರಮ, ಮರುವಾರದಿಂದಲೇ 'ಹಾಗಾದರೆ ಪುಣೆಗೇ ಸೇರಿಸೋಣ' ಎಂಬ ಮಾತು.

ಸಂಭ್ರಮ ಸರಿಯೇ. ಆದರೆ ಆಯ್ಕೆ ಮಾಡುವವರು ಗಮನಿಸಬೇಕಾದದ್ದು ಬಹುಮಾನವನ್ನಲ್ಲ, ಆ ಚಿತ್ರ ತಯಾರಾದ ರೀತಿಯನ್ನು. ಅದು ಮೂರು ವರ್ಷದ ನಿರ್ದೇಶನ ಕೋರ್ಸಿನ ಡಿಪ್ಲೊಮಾ ಚಿತ್ರವಲ್ಲ, ಟೆಲಿವಿಷನ್ ವಿಭಾಗದ ಒಂದು ವರ್ಷದ ಕೋರ್ಸಿನ ಕೊನೆಯ ಅಭ್ಯಾಸ. ನಿರ್ದೇಶನ, ಕ್ಯಾಮೆರಾ, ಸಂಕಲನ, ಶಬ್ದ, ಹೀಗೆ ನಾಲ್ಕು ವಿಭಾಗಗಳಿಂದ ಒಬ್ಬೊಬ್ಬ ವಿದ್ಯಾರ್ಥಿ ಸೇರಿ ಒಂದು ತಂಡ. ಚಿತ್ರೀಕರಣ ನಾಲ್ಕು ದಿನ. ಸುಮಾರು ಹದಿನಾರು ನಿಮಿಷದ ಚಿತ್ರ. ಅಂದರೆ ನಾಲ್ಕು ಹುದ್ದೆಗಳಲ್ಲೂ ಕೆಲಸ ಮಾಡಿದವರು ಅಲ್ಲಿ ಕಲಿಯಲು ಬಂದವರೇ. ರಾತ್ರಿಯ ಕತ್ತಲನ್ನೇ ಕಥೆಯಾಗಿಸಿಕೊಂಡ ಚಿತ್ರಕ್ಕೆ ಬೆಳಕು ಕೊಟ್ಟದ್ದು ಒಬ್ಬ ವಿದ್ಯಾರ್ಥಿ, ಸದ್ದು ಹಿಡಿದದ್ದು ಇನ್ನೊಬ್ಬ ವಿದ್ಯಾರ್ಥಿ. ಪುಣೆಯ ಗುಟ್ಟೇನಾದರೂ ಇದ್ದರೆ ಅದು ಇಷ್ಟೇ: ಬೇರೆ ಬೇರೆ ಕಸುಬು ಕಲಿಯುವವರನ್ನು ಒಂದೇ ಹಾಸ್ಟೆಲಿನಲ್ಲಿ, ಒಂದೇ ಕ್ಯಾಂಟೀನಿನಲ್ಲಿ ವರ್ಷಗಟ್ಟಲೆ ಇಟ್ಟು, ಪರಸ್ಪರರ ಚಿತ್ರಕ್ಕೆ ದುಡಿಸುವುದು.

ಹಾಗಾಗಿ ಯಾವುದೇ ಶಾಲೆಯ ವಿದ್ಯಾರ್ಥಿ ಚಿತ್ರ ಸಿಕ್ಕರೂ ಕೊನೆಯಲ್ಲಿ ಮೇಲೇರಿ ಬರುವ ಹೆಸರುಗಳನ್ನು ಪೂರ್ತಿ ಓದಿ. ನಿರ್ದೇಶಕನ ಹೆಸರು ವಿದ್ಯಾರ್ಥಿಯದು, ಛಾಯಾಗ್ರಹಣ ಹೊರಗಿನ ವೃತ್ತಿಪರರದು, ಸಂಕಲನ ಇನ್ನಾವುದೋ ಸ್ಟುಡಿಯೋದ್ದು, ಶಬ್ದ ವಿನ್ಯಾಸ ದುಡ್ಡು ಕೊಟ್ಟು ಮಾಡಿಸಿದ್ದು ಎಂದಿದ್ದರೆ ಆ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಅದು ಶಾಲೆಯ ಸಾಧನೆಯಲ್ಲ, ಒಂದು ಮನೆತನದ ಹಣದ ಸಾಧನೆ. ನಾಲ್ಕೂ ಹೆಸರು ಒಂದೇ ಬ್ಯಾಚಿನವು ಆಗಿದ್ದರೆ, ಚಿತ್ರದಲ್ಲಿ ಕುಂದುಕೊರತೆ ಇದ್ದರೂ, ಅಲ್ಲಿ ಪಾಠ ನಡೆಯುತ್ತಿದೆ ಎಂದು ಧೈರ್ಯವಾಗಿ ಹೇಳಬಹುದು.

ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್

ಲಾ ಕಾಲೇಜು ರಸ್ತೆಯ ಹಳೆಯ ಪ್ರಭಾತ್ ಸ್ಟುಡಿಯೊ ಅಂಗಳದಲ್ಲಿ 1960ರಲ್ಲಿ ಶುರುವಾದ ಈ ಸರ್ಕಾರಿ ಸಂಸ್ಥೆಗೂ ಕನ್ನಡಕ್ಕೂ ನಂಟು ಹಳೆಯದು. ಗಿರೀಶ ಕಾರ್ನಾಡರು 1974ರಿಂದ 75ರವರೆಗೆ ನಿರ್ದೇಶಕರಾಗಿದ್ದರು, ಮುಂದೆ ಅಧ್ಯಕ್ಷರೂ ಆದರು. ಯು.ಆರ್. ಅನಂತಮೂರ್ತಿಯವರೂ ಆ ಅಧ್ಯಕ್ಷ ಸ್ಥಾನದಲ್ಲಿದ್ದರು. ಗಿರೀಶ ಕಾಸರವಳ್ಳಿಯವರು ಔಷಧ ವಿಜ್ಞಾನ ಓದಿ ಅಲ್ಲಿಗೆ ಹೋದವರು. ಅವರ ಡಿಪ್ಲೊಮಾ ಚಿತ್ರ 'ಅವಶೇಷ್'ಗೆ ರಾಷ್ಟ್ರಪ್ರಶಸ್ತಿ ಬಂತು, ಹೊರಬಂದು ಮಾಡಿದ ಮೊದಲ ಚಿತ್ರ 'ಘಟಶ್ರಾದ್ಧ' 1977ರ ಸ್ವರ್ಣಕಮಲ ಪಡೆಯಿತು. ವೈದ್ಯಕೀಯವೋ ಔಷಧ ವಿಜ್ಞಾನವೋ ಓದಿದ ಮಕ್ಕಳನ್ನು 'ಇಷ್ಟು ಓದಿ ಈಗೇನು ಸಿನಿಮಾ' ಎಂದು ಗದರುವ ಅಪ್ಪಂದಿರಿಗೆ ಈ ಎರಡು ಉದಾಹರಣೆಗಳನ್ನು ನಾನು ತಪ್ಪದೆ ಹೇಳುತ್ತೇನೆ.

ಸಾಧನೆಯ ಪಟ್ಟಿ ಇಲ್ಲಿ ಉದ್ದವಿದೆ, ಆದರೆ ಅದರಲ್ಲಿ ಎರಡು ಬಗೆಯವು ಬೆರೆತಿವೆ: ಓದುತ್ತಿದ್ದಾಗ ಮಾಡಿದವು, ಹೊರಬಂದ ಮೇಲೆ ಮಾಡಿದವು. ಶಬ್ದ ವಿನ್ಯಾಸಕ ರಸೂಲ್ ಪೂಕುಟ್ಟಿಯವರ ಆಸ್ಕರ್ ಶಾಲೆ ಬಿಟ್ಟು ಹತ್ತಾರು ವರ್ಷಗಳ ನಂತರದ್ದು. ನಿರ್ದೇಶಕಿ ಪಾಯಲ್ ಕಪಾಡಿಯಾ ಅವರದು ನಡುವಿನದು: 2017ರಲ್ಲಿ ವಿದ್ಯಾರ್ಥಿನಿಯಾಗಿದ್ದಾಗಲೇ ಅವರ ಕಿರುಚಿತ್ರ ಕಾನ್‌ನ ವಿದ್ಯಾರ್ಥಿ ವಿಭಾಗದಲ್ಲಿತ್ತು, 2021ರಲ್ಲಿ ಅಲ್ಲೇ ಸಾಕ್ಷ್ಯಚಿತ್ರದ ಗೋಲ್ಡನ್ ಐ ಪ್ರಶಸ್ತಿ, 2024ರಲ್ಲಿ ಅಲ್ಲಿನ ಎರಡನೆಯ ದೊಡ್ಡ ಪ್ರಶಸ್ತಿ ಗ್ರ್ಯಾನ್ ಪ್ರೀ. ಶಾಲೆಯ ಅಭ್ಯಾಸ ಚಿತ್ರದಿಂದ ಜಗತ್ತು ತಿರುಗಿ ನೋಡುವ ಚಿತ್ರದವರೆಗೆ ಏಳು ವರ್ಷ. ಈ ಅವಧಿ ಎಲ್ಲ ಪೋಷಕರಿಗೂ ಗೊತ್ತಿರಲಿ. ಕೋರ್ಸು ಮುಗಿದ ಮರುವರ್ಷವೇ ಮಗ ದುಡಿದು ತರಬೇಕೆಂಬ ಲೆಕ್ಕ ಇದ್ದರೆ ನಿರ್ದೇಶನ ವಿಭಾಗ ಬೇಡ, ಸಂಕಲನವನ್ನೋ ಶಬ್ದವನ್ನೋ ನೋಡಿ. ಶಬ್ದಕ್ಕೆ ಪಿಯುಸಿಯಲ್ಲಿ ಭೌತವಿಜ್ಞಾನ ಓದಿರಬೇಕು ಎಂಬ ನಿಯಮವನ್ನು ಕೊನೆಯ ಗಳಿಗೆಯಲ್ಲಿ ನೋಡಿ ಕೈಹಿಸುಕಿಕೊಂಡವರಿದ್ದಾರೆ.

ಪುಣೆಯ ನಿಜವಾದ ಬಲ ಕೈಪಿಡಿಯಲ್ಲಿ ಕಾಣಿಸದ ಸಂಜೆಗಳಲ್ಲಿದೆ. ಆವರಣದ ಮುಖ್ಯ ಚಿತ್ರಮಂದಿರದಲ್ಲಿ ಸಂಜೆಯ ಪ್ರದರ್ಶನ ವಿದ್ಯಾರ್ಥಿ ಜೀವನದ ನಿತ್ಯದ ಭಾಗ. ಅದೇ ರಸ್ತೆಯಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ. ಅದನ್ನು ಕಟ್ಟಿದವರು ಪಿ.ಕೆ. ನಾಯರ್. ನಾಯರ್ ಮತ್ತು ಇನ್‌ಸ್ಟಿಟ್ಯೂಟಿನ ಮೇಷ್ಟ್ರು ಸತೀಶ್ ಬಹದ್ದೂರ್ ಹೆಗ್ಗೋಡಿಗೆ ಬಂದು, ಸುಬ್ಬಣ್ಣನವರ ನೀನಾಸಮ್‌ನಲ್ಲಿ ಹಳ್ಳಿಯ ಜನರ ಜೊತೆ ಕುಳಿತು ಸಿನಿಮಾ ನೋಡಿ ಚರ್ಚಿಸಿದ್ದನ್ನು ನೆನೆದರೆ ಈ ರಸ್ತೆ ನಮಗೆ ಪರಕೀಯ ಅನ್ನಿಸುವುದೇ ಇಲ್ಲ. ಜನವರಿಯ ಪುಣೆ ಚಿತ್ರೋತ್ಸವ 2002ರಿಂದ ನಡೆಯುತ್ತ ಬಂದಿದೆ. ಇವನ್ನೆಲ್ಲ ನೋಡುತ್ತ ಬೆಳೆದ ಕಣ್ಣು ಬೇರೆಯೇ.

ಕುಂದುಗಳೂ ಸಣ್ಣವಲ್ಲ. ಮೂರು ವರ್ಷದ ಕೋರ್ಸು ನಾಲ್ಕೋ ಐದೋ ವರ್ಷಕ್ಕೆ ಎಳೆದುಕೊಂಡು ಹೋದ ಬ್ಯಾಚುಗಳ ಕಥೆ ಇಲ್ಲಿ ಹಳೆಯದು. 2015ರಲ್ಲಿ ಅಧ್ಯಕ್ಷರ ನೇಮಕ ವಿರೋಧಿಸಿ ವಿದ್ಯಾರ್ಥಿಗಳು 139 ದಿನ ಮುಷ್ಕರ ಹೂಡಿದ್ದರು. ನಿಮ್ಮ ವಿಭಾಗದ ಹಿಂದಿನ ಎರಡು ಬ್ಯಾಚು ಸಮಯಕ್ಕೆ ಮುಗಿಯಿತೇ ಎಂದು ವಿದ್ಯಾರ್ಥಿಗಳನ್ನೇ ಕೇಳಿ. ಸೀಟುಗಳು ಒಂದೊಂದು ವಿಭಾಗಕ್ಕೂ ಬೆರಳೆಣಿಕೆಯಷ್ಟೇ, ಹಾಗಾಗಿ ಮೊದಲ ಸಲವೇ ಸಿಗದಿದ್ದರೆ ಅದು ಅಪಮಾನವಲ್ಲ. 2025ರಲ್ಲಿ ಸಂಸ್ಥೆಗೆ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿದೆ, ಪದವಿ ಪತ್ರದ ಬಗ್ಗೆ ಮನೆಯವರಿಗಿದ್ದ ಆತಂಕ ಇನ್ನು ಕಡಿಮೆಯಾಗಬೇಕು.

ಮುಂಬೈಯಲ್ಲಿ ಒಂದಲ್ಲ, ನಾಲ್ಕು ದಾರಿ

ಮುಂಬೈ ಎಂದ ಕೂಡಲೇ ಜನ ಹೇಳುವುದು ವಿಸ್ಲಿಂಗ್ ವುಡ್ಸ್. ಸುಭಾಷ್ ಘಾಯ್ ಅವರು 2006ರಲ್ಲಿ ಗೋರೆಗಾಂವ್ ಪೂರ್ವದ ದಾದಾಸಾಹೇಬ್ ಫಾಲ್ಕೆ ಚಿತ್ರನಗರಿಯಲ್ಲಿ ಶುರುಮಾಡಿದ ಖಾಸಗಿ ಶಾಲೆ. ಸಿನಿಮಾ ಮಾತ್ರವಲ್ಲದೆ ನಟನೆ, ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಸಂಗೀತ, ಫ್ಯಾಷನ್ ಕೂಡ ಕಲಿಸುತ್ತಾರೆ. ಬಲ ಇರುವುದು ಜಾಗದಲ್ಲೇ: ಆವರಣದಿಂದ ಹೊರಬಿದ್ದರೆ ಧಾರಾವಾಹಿಗಳ, ಸಿನಿಮಾಗಳ ಸೆಟ್ಟು. ಕೆಲಸ ಮಾಡುತ್ತಿರುವ ನಿರ್ದೇಶಕರು, ಛಾಯಾಗ್ರಾಹಕರು ಬಂದು ಮಾತಾಡುವುದು ಅಲ್ಲಿ ಸಾಮಾನ್ಯ. 'ಸೆಲೆಬ್ರೇಟ್ ಸಿನಿಮಾ' ಎಂಬ ವಾರ್ಷಿಕ ಉತ್ಸವವನ್ನು ಅವರೇ ನಡೆಸುತ್ತಾರೆ. ಸೇರುವ ಯೋಚನೆ ಇರುವವರು ಹಣ ಕಟ್ಟುವ ಮೊದಲು ಆ ಉತ್ಸವಕ್ಕೆ ಹೋಗಿ ಬರಲಿ. ವೇದಿಕೆಯ ಮೇಲಿನ ತಾರೆಯರನ್ನು ನೋಡುವುದಕ್ಕಲ್ಲ. ಧ್ವನಿಯ ಕೇಬಲ್ಲು ಎಳೆಯುತ್ತಿರುವವರು, ಕ್ಯಾಮೆರಾ ಹಿಂದಿರುವವರು, ಪ್ರಶ್ನೆ ಕೇಳುತ್ತಿರುವವರು ವಿದ್ಯಾರ್ಥಿಗಳೇ ಅಥವಾ ಬಾಡಿಗೆಗೆ ಕರೆಸಿದ ತಂಡವೇ ಎಂದು ನೋಡುವುದಕ್ಕೆ.

ನಿರ್ಮಾಣ ವ್ಯವಸ್ಥಾಪನೆ, ವಿಷುವಲ್ ಎಫೆಕ್ಟ್ಸ್, ಧಾರಾವಾಹಿ, ಜಾಹೀರಾತು, ಹೀಗೆ ಉದ್ಯಮದೊಳಕ್ಕೆ ನೇರವಾಗಿ ಹೊಗುವ ಆಸೆ ಇದ್ದು, ಮನೆಯಲ್ಲಿ ಹಲವು ಲಕ್ಷ ತೊಡಗಿಸುವ ಶಕ್ತಿಯೂ ಇದ್ದರೆ ಇದು ಸರಿಯಾದ ಜಾಗ. ಸಾಲ ಮಾಡಿ ನಿರ್ದೇಶನ ಕಲಿಯಲು ಹೋಗುವುದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಯಾವುದೇ ಖಾಸಗಿ ಸಂಸ್ಥೆಯಲ್ಲಿ ಎರಡು ಪ್ರಶ್ನೆ ಕೇಳಲೇಬೇಕು: ನಾನು ಹೊರಬೀಳುವ ವರ್ಷ ಪದವಿ ಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿರುತ್ತದೆ? ಕೊನೆಯ ವರ್ಷದ ಚಿತ್ರದ ಖರ್ಚು ಶುಲ್ಕದೊಳಗೇ ಇದೆಯೇ, ಬೇರೆಯೇ? ಎರಡನೆಯದಕ್ಕೆ ಬಾಯಿಮಾತಿನ ಉತ್ತರ ಸಾಲದು, ಬರಹದಲ್ಲಿ ಪಡೆಯಿರಿ.

ಎರಡನೆಯ ದಾರಿಯನ್ನು ನಮ್ಮವರು ಯಾಕೋ ಗಮನಿಸುವುದೇ ಇಲ್ಲ: ದೇವನಾರ್‌ನಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಮಾಧ್ಯಮ ಮತ್ತು ಸಂಸ್ಕೃತಿ ಅಧ್ಯಯನದ ಎಂ.ಎ. ಅಂಜಲಿ ಮೊಂತೆರೊ ಮತ್ತು ಕೆ.ಪಿ. ಜಯಶಂಕರ್ ಸೇರಿ ದಶಕಗಳ ಕಾಲ ಬೆಳೆಸಿದ ವಿಭಾಗ ಅದು. ಇಬ್ಬರೂ ಸಾಕ್ಷ್ಯಚಿತ್ರಕಾರರು. ಅಲ್ಲಿನ ವಿದ್ಯಾರ್ಥಿಗಳು ಮುಂಬೈಯ ಗಿರಣಿ ಕಾರ್ಮಿಕರ, ಕೊಳೆಗೇರಿಯ, ವಲಸಿಗರ ಬದುಕಿನ ಬಗ್ಗೆ ಚಿತ್ರ ಮಾಡುತ್ತಾರೆ, ಜೊತೆಗೆ ಪ್ರಬಂಧವನ್ನೂ ಬರೆಯುತ್ತಾರೆ. 'ಕಟ್.ಇನ್' ಎಂಬ ವಿದ್ಯಾರ್ಥಿ ಚಿತ್ರೋತ್ಸವ ಇವರದೇ. ತಾರೆಯರು ಬರುವುದಿಲ್ಲ, ಕೆಂಪು ಹಾಸು ಇಲ್ಲ, ಬೇರೆ ಬೇರೆ ಶಾಲೆಗಳ ಮಕ್ಕಳು ಪರಸ್ಪರರ ಚಿತ್ರ ನೋಡಿ ವಾದ ಮಾಡುತ್ತಾರೆ. ನನ್ನ ಮಟ್ಟಿಗೆ ಈ ವಾದ ಹತ್ತು ತಾರಾ ಉಪನ್ಯಾಸಗಳಿಗಿಂತ ಹೆಚ್ಚು ಕಲಿಸುತ್ತದೆ. ಕಾಮಾಠಿಪುರದಲ್ಲೋ ಧಾರಾವಿಯಲ್ಲೋ ಕೂಲಿ ಮಾಡಿ ನೆಲೆ ಕಂಡ ಉತ್ತರ ಕರ್ನಾಟಕದ ಮಂದಿಯ ಮೇಲೆ, ಹೋಟೆಲು ಕಟ್ಟಿದ ತುಳುನಾಡಿನವರ ಮೇಲೆ, ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತವರ ಮೇಲೆ ನೋಡುವಂಥ ಚಿತ್ರಗಳು ಇನ್ನೂ ಎಷ್ಟೋ ಬರಬೇಕಿದೆ. ಅದನ್ನು ಮಾಡುವ ಹುಡುಗಿ ಮುಂಬೈ ಕನ್ನಡದ ಮನೆಯವಳೇ ಆಗಿದ್ದರೆ ಅವಳಿಗೆ ದೇವನಾರ್ ತಕ್ಕ ಜಾಗ.

ಅನಿಮೇಷನ್ ಬೇಕೆನ್ನುವವರು ಪವಾಯಿಯ ಐಐಟಿಯೊಳಗಿನ ವಿನ್ಯಾಸ ಶಾಲೆ ಐಡಿಸಿಯನ್ನು ನೋಡಲಿ. 1969ರಲ್ಲಿ ಸ್ಥಾಪನೆಯಾದದ್ದು, ಸೀಡ್ (CEED) ಎಂಬ ಪ್ರವೇಶ ಪರೀಕ್ಷೆ ಬರೆದು ಎಂ.ಡಿಸೈನ್‌ಗೆ ಸೇರಬೇಕು. ವರ್ಷಕ್ಕೊಮ್ಮೆ ನಡೆಯುವ ಪದವಿ ಪ್ರದರ್ಶನದಲ್ಲಿ ಪ್ರತಿ ವಿದ್ಯಾರ್ಥಿಯೂ ತನ್ನ ಕೆಲಸದ ಪಕ್ಕದಲ್ಲೇ ನಿಂತಿರುತ್ತಾನೆ. ಗೆದ್ದವರನ್ನು ಮಾತ್ರವಲ್ಲ, ಇಡೀ ಬ್ಯಾಚನ್ನು ನೋಡುವ ಅವಕಾಶ. ಚಿತ್ರಕಲೆ, ಶಿಲ್ಪದವರಿಗೆ 1857ರ ಸರ್ ಜೆ.ಜೆ. ಕಲಾಶಾಲೆ ಇದೆ, ನಮ್ಮ ಉಡುಪಿ ಕಡೆಯ ಕೆ.ಕೆ. ಹೆಬ್ಬಾರರು ಓದಿದ, ಆಮೇಲೆ ಪಾಠವನ್ನೂ ಹೇಳಿದ ಶಾಲೆ. ಅಲ್ಲಿಂದ ಕಾಲಾ ಘೋಡಾದ ಜಹಾಂಗೀರ್ ಗ್ಯಾಲರಿ ದೂರವಲ್ಲ, ಫೆಬ್ರುವರಿಯಲ್ಲಿ ಅದೇ ಬೀದಿಗಳಲ್ಲಿ ಕಾಲಾ ಘೋಡಾ ಕಲಾ ಉತ್ಸವ.

ನಟನೆಗೆ ಬಂದರೆ ನನ್ನ ಸಲಹೆ ಬೇರೆ. ಸಿನಿಮಾ ನಟನೆಯ ದುಬಾರಿ ಕೋರ್ಸಿಗಿಂತ ಮೊದಲು ರಂಗಭೂಮಿ ಕಲಿಯಲಿ. ಮುಂಬೈ ವಿಶ್ವವಿದ್ಯಾಲಯದ ಕಲಿನಾ ಆವರಣದಲ್ಲಿ ರಂಗಕಲೆಗಳ ಅಕಾಡೆಮಿ ಇದೆ. ಕನ್ನಡ ವಿಭಾಗವೂ ಅದೇ ಆವರಣದಲ್ಲಿದೆ, ಓದಲು ಕನ್ನಡ ಪುಸ್ತಕ ಬೇಕಾದರೆ ಹೆಚ್ಚು ದೂರ ನಡೆಯಬೇಕಿಲ್ಲ. ಪುಣೆಯಲ್ಲಾದರೆ ವಿಶ್ವವಿದ್ಯಾಲಯದ ಲಲಿತ ಕಲಾ ಕೇಂದ್ರ. ನಾಟಕಕಾರ ಸತೀಶ್ ಆಳೇಕರ್ ಹಲವು ವರ್ಷ ಮುನ್ನಡೆಸಿದ ಜಾಗ. ಮರಾಠಿ ಬರದಿದ್ದರೆ ಮೊದಲ ಆರು ತಿಂಗಳು ಕಷ್ಟ, ಆಮೇಲೆ ಅದೇ ದೊಡ್ಡ ಆಸ್ತಿ.

ಗೋವಾ ಓದಿಗಲ್ಲ, ನೋಡುವುದಕ್ಕೆ

ಕಾರವಾರದವರಿಗೆ, ಬೆಳಗಾವಿಯವರಿಗೆ ಗೋವಾ ಕೈಗೆಟಕುವ ದೂರ, ಹಾಗಾಗಿ ಮನಸ್ಸು ಅತ್ತ ಹರಿಯುವುದು ಸಹಜ. ಪಣಜಿಯ ಆಲ್ತಿನ್ಹೊ ಗುಡ್ಡದ ಗೋವಾ ಕಲಾ ಮಹಾವಿದ್ಯಾಲಯ 1972ರದು, ಚಿತ್ರಕಲೆಯ ಪದವಿಗೆ ಚೆನ್ನಾಗಿದೆ. ಕಾಂಪಾಲ್‌ನಲ್ಲಿ ಮಾಂಡೋವಿ ದಡಕ್ಕೆ ಚಾರ್ಲ್ಸ್ ಕೊರಿಯಾ ಕಟ್ಟಿದ ಕಲಾ ಅಕಾಡೆಮಿಯಲ್ಲಿ ಸಂಗೀತ, ನಾಟಕ ಕಲಿಸುತ್ತಾರೆ. ಸಿನಿಮಾದ ಸ್ನಾತಕೋತ್ತರ ಓದಿಗೆ ಪುಣೆಯ ಸರಿಸಮಕ್ಕೆ ನಿಲ್ಲುವ ಶಾಲೆ ಅಲ್ಲಿಲ್ಲ.

ಆದರೆ ಕಾರ್ಯಕ್ರಮಗಳ ವಿಷಯದಲ್ಲಿ ಗೋವಾವನ್ನು ಮೀರಿಸುವ ಊರಿಲ್ಲ. ನವೆಂಬರಿನ ಚಿತ್ರೋತ್ಸವಕ್ಕೆ ವಿದ್ಯಾರ್ಥಿ ಪ್ರತಿನಿಧಿಯಾಗಿ ಹೆಸರು ನೋಂದಾಯಿಸಿಕೊಂಡು ವಾರವಿಡೀ ಅಲ್ಲಿದ್ದು ಬಂದರೆ, ಯಾವ ಶಾಲೆಯ ಮಕ್ಕಳು ಹೇಗಿದ್ದಾರೆ ಎಂಬುದು ಕಣ್ಣಾರೆ ಕಾಣುತ್ತದೆ. ಮೂವತ್ತೈದರೊಳಗಿನವರಿಗಾಗಿ 2021ರಲ್ಲಿ ಎಪ್ಪತ್ತೈದು ಮಂದಿಯ ಆಯ್ಕೆಯೊಂದಿಗೆ ಶುರುವಾದ ಯುವ ಪ್ರತಿಭೆಗಳ ಯೋಜನೆ 2024ರಲ್ಲಿ ನೂರು ಮಂದಿಗೆ ಬೆಳೆಯಿತು. ಆಯ್ಕೆಯಾದವರು ತಂಡ ಕಟ್ಟಿಕೊಂಡು 48 ಗಂಟೆಯಲ್ಲಿ ಒಂದು ಕಿರುಚಿತ್ರ ಮುಗಿಸಬೇಕು. ಇದಕ್ಕೆ ಅರ್ಜಿ ಹಾಕಲು ಚಿತ್ರಶಾಲೆಯ ವಿದ್ಯಾರ್ಥಿಯಾಗಿರಬೇಕೆಂದಿಲ್ಲ. ಹುಬ್ಬಳ್ಳಿಯಲ್ಲಿ ಮದುವೆ ವಿಡಿಯೊ ಸಂಕಲನ ಮಾಡುವ ಹುಡುಗನೂ ತನ್ನ ಕೆಲಸ ಕಳಿಸಬಹುದು. ಅಂಥವರು ಹೆಚ್ಚು ಹೆಚ್ಚು ಕಳಿಸಲಿ ಎಂಬುದು ನನ್ನ ಆಸೆ. ಡಿಸೆಂಬರಿನಲ್ಲಿ ಅದೇ ಪಣಜಿಯಲ್ಲಿ 2016ರಿಂದ ಸೆರೆಂಡಿಪಿಟಿ ಕಲಾ ಉತ್ಸವ ನಡೆಯುತ್ತಿದೆ. ಚಿತ್ರಕಲೆ, ರಂಗಭೂಮಿ, ಕರಕುಶಲ ಎಲ್ಲವೂ ಒಟ್ಟಿಗೆ ಸಿಗುವುದರಿಂದ ಯಾವ ಕಲೆ ತನ್ನದೆಂದು ಇನ್ನೂ ತೋಚದವರಿಗೆ ಬಹಳ ಉಪಯುಕ್ತ.

ಆಯ್ಕೆ ಮಾಡುವ ಹೊತ್ತಿಗೆ

ಕಥೆ ಹೇಳುವ ಚಿತ್ರ ಮಾಡಬೇಕು, ಕಾಯುವ ತಾಳ್ಮೆ ಇದೆ ಎನ್ನುವವರಿಗೆ ಮೊದಲ ಆಯ್ಕೆ ಪುಣೆಯೇ. ಅಲ್ಲಿ ಮೂರು ವರ್ಷದ್ದು ಸಿಗದಿದ್ದರೆ ಒಂದು ವರ್ಷದ ಟೆಲಿವಿಷನ್ ಕೋರ್ಸನ್ನು ಕಡೆಗಣಿಸಬೇಡಿ, ಕನ್ನಡಕ್ಕೆ ಬಹುಮಾನ ತಂದದ್ದು ಅದೇ. ಸಾಕ್ಷ್ಯಚಿತ್ರ, ಸಂಶೋಧನೆ, ಬರವಣಿಗೆ ಇಷ್ಟವಿರುವವರಿಗೆ ದೇವನಾರ್. ಕೋರ್ಸು ಮುಗಿದ ತಿಂಗಳಿಂದಲೇ ಉದ್ಯಮದಲ್ಲಿ ಕೆಲಸ ಬೇಕು, ಹಣದ ಅನುಕೂಲ ಇದೆ ಎನ್ನುವವರಿಗೆ ಗೋರೆಗಾಂವ್. ಕೈಯಲ್ಲಿ ಪೆನ್ಸಿಲು ಹಿಡಿದೇ ಯೋಚಿಸುವವರಿಗೆ ಪವಾಯಿ ಅಥವಾ ಜೆ.ಜೆ.

ಪುಣೆಗೂ ಖಾಸಗಿ ಶಾಲೆಗಳಿಗೂ ಶುಲ್ಕದಲ್ಲಿ ಹಲವು ಪಟ್ಟು ಅಂತರವಿದೆ. ಆದರೆ ಮುಂಬೈಯಲ್ಲೇ ಮನೆ ಇರುವವರ ಲೆಕ್ಕ ಬೇರೆ, ಬೆಳಗಾವಿಯಿಂದ ಹೋಗಿ ಗೋರೆಗಾಂವ್‌ನಲ್ಲಿ ಕೋಣೆ ಹಿಡಿಯುವವರ ಲೆಕ್ಕ ಬೇರೆ. ಬಾಡಿಗೆ, ಊಟ, ಲೋಕಲ್ ಪಾಸು, ಹಾರ್ಡ್ ಡಿಸ್ಕು, ಕೋರ್ಸು ಮುಗಿದ ಮೇಲೆ ಕೆಲಸ ಸಿಗುವವರೆಗಿನ ಆರು ತಿಂಗಳು, ಇವೆಲ್ಲವನ್ನೂ ಕಾಗದದ ಮೇಲೆ ಬರೆದು ಕೂಡಿಸಿ.

ಶಾಲೆಗೆ ಭೇಟಿ ಕೊಟ್ಟ ದಿನ, ಪ್ರಶಸ್ತಿ ಪಡೆದ ಚಿತ್ರವನ್ನು ಅವರು ತಾವಾಗಿಯೇ ತೋರಿಸುತ್ತಾರೆ. ಅದೇ ವರ್ಷದ, ಅದೇ ಬ್ಯಾಚಿನ, ಪ್ರಶಸ್ತಿ ಬಾರದ ಒಂದು ಚಿತ್ರವನ್ನೂ ತೋರಿಸಿ ಎಂದು ಕೇಳಿ. ಸಂತೋಷದಿಂದ ತೋರಿಸುವ ಶಾಲೆಗೆ ನನ್ನ ಮನಸ್ಸು ಒಲಿಯುತ್ತದೆ. ಐದು ವರ್ಷದ ಹಿಂದೆ ಹೊರಬಿದ್ದ ಬ್ಯಾಚಿನ ಎಲ್ಲರೂ ಈಗ ಏನು ಮಾಡುತ್ತಿದ್ದಾರೆ ಎಂದೂ ಕೇಳಿ, ಇಬ್ಬರ ಹೆಸರು ಹೇಳಿ ಸುಮ್ಮನಾದರೆ ಉಳಿದವರನ್ನು ನೀವೇ ಹುಡುಕಿ ಮಾತಾಡಿಸಿ. ಹಳೆಯ ವಿದ್ಯಾರ್ಥಿಗಳಲ್ಲಿ ಕನ್ನಡದವರು ಸಿಕ್ಕರೆ ಇನ್ನೂ ಒಳ್ಳೆಯದು. ಮುಂಬೈಯ ಕರ್ನಾಟಕ ಸಂಘದಲ್ಲೋ ಪುಣೆಯ ಕನ್ನಡ ಸಂಘದಲ್ಲೋ ವಿಚಾರಿಸಿದರೆ ಚಿತ್ರರಂಗದಲ್ಲಿರುವ ಯಾರಾದರೂ ಒಬ್ಬರ ಸುಳಿವು ಸಿಕ್ಕೇ ಸಿಗುತ್ತದೆ, ಅವರು ಮನೆಮಂದಿಯೊಡನೆ ಮಾತಾಡಿದಂತೆ ಬಿಚ್ಚಿ ಹೇಳುತ್ತಾರೆ.

ಇನ್ನೂ ಮನಸ್ಸು ಗಟ್ಟಿಯಾಗದವರು ಇನ್‌ಸ್ಟಿಟ್ಯೂಟ್ ಮತ್ತು ಸಂಗ್ರಹಾಲಯ ಸೇರಿ ಬೇಸಿಗೆಯಲ್ಲಿ ನಡೆಸುತ್ತ ಬಂದಿರುವ ಸಿನಿಮಾ ರಸಗ್ರಹಣದ ಕೋರ್ಸಿಗೆ ಮೊದಲು ಅರ್ಜಿ ಹಾಕಲಿ. ಕೆಲವು ವಾರಗಳ ಕಾಲ ಬೆಳಗಿನಿಂದ ರಾತ್ರಿಯವರೆಗೆ ಸಿನಿಮಾ ನೋಡಿ, ಮೇಷ್ಟ್ರುಗಳ ಜೊತೆ ಚರ್ಚಿಸಿದ ಮೇಲೂ ಆಸೆ ಹಾಗೇ ಉಳಿದಿದ್ದರೆ ಮುಂದಿನ ಪ್ರವೇಶ ಪರೀಕ್ಷೆಗೆ ಆಗಲೇ ತಯಾರಿ ಶುರುಮಾಡಬಹುದು.